ತುಳಿಯಬಾರದ ನೀರು

ಭರಮಸಾಗರದ ಹತ್ತಿರದ ಹಟ್ಟಿ
19 ಜನವರಿ 2025

ಮಗಳು ಮೇಘಶ್ರೀಗೆ, ದನಿ ಕಳೆದುಕೊಂಡ ಅಪ್ಪ ಅಕ್ಷರದಲ್ಲೇ ಕೂಗಿ ಮಾಡುವ ಆಶೀರ್ವಾದ.

ಫೋನ್ ಮಾಡಬೇಡ ತಾಯಿ. ನೀನು ಮಾತಾಡುವುದು, ನಾನು ಉಸ್ ಉಸ್ ಎನ್ನುವುದು, ನಿಮ್ಮವ್ವ ನಡುವೆ ನಿಂತು "ನಿಮ್ಮಪ್ಪ ಹಿಂಗಂತಾನೆ" ಎಂದು ನಾನು ಅನ್ನದಿದ್ದುದನ್ನೆಲ್ಲ ಹೇಳುವುದು, ಇದು ನಾಟಕದವನಿಗೆ ಒಪ್ಪುವ ಆಟವಲ್ಲ. ಗಂಟಲಿನ ಗಡ್ಡೆಯ ಜೊತೆ ಡಾಕ್ಟರು ದನಿಯನ್ನೂ ಕಿತ್ತುಕೊಂಡರು, ಕೈಯನ್ನು ಬಿಟ್ಟಿದ್ದಾರೆ. ಮೈಕಿಲ್ಲದೆ ಭರಮಸಾಗರದ ಕೆರೆಯಾಚೆಗೂ ಕೇಳಿಸುತ್ತಿದ್ದ ರಕ್ಕಸ ಇನ್ನು ಮೇಲೆ ಕಾಗದದ ಮೇಲೆ ಆರ್ಭಟಿಸುತ್ತಾನೆ. ಕಂಡಕ್ಟರ್ ದಯಾನಂದ ತನ್ನ ಬಸ್ಸಿನಲ್ಲಿ ತಂದುಕೊಡುತ್ತಾನೆ. ಓದು.

ಪರದೆ ಮೇಲೇಳುತ್ತದೆ. ಹೆದ್ದಾರಿಯ ತಿರುವು, ಮುಂಜಾನೆಯ ಮಂಜು. ದಾವಣಗೆರೆ ಕಡೆಯಿಂದ ಟ್ಯಾಂಕರೊಂದರ ಪ್ರವೇಶ. ಡ್ರೈವರಿಗೆ ನಿದ್ದೆಯೋ, ದೇವರ ಮರೆವೋ, ರಸ್ತೆ ತಿರುಗಿದರೂ ಗಾಡಿ ತಿರುಗಲಿಲ್ಲ. ಕಂಬ ಮುರಿಯಿತು, ಬದು ಒಡೆಯಿತು, ಟ್ಯಾಂಕರ್ ಹೊಟ್ಟೆ ಮೇಲಾಗಿ ಬಿದ್ದುಕೊಂಡಿತು. ಎಲ್ಲಿ? ನಮ್ಮ ದೇವರ ಹೊಲದಲ್ಲಿ! ಡ್ರೈವರ್ ಗಾಜು ಒಡೆದುಕೊಂಡು ಹೊರಬಂದು ಬದುವಿನ ಮೇಲೆ ಕೂತು ನೀರು ಕೇಳಿದ. ನಿಂಗಕ್ಕ ಚೊಂಬು ಕೊಟ್ಟಳು. ಅಷ್ಟರಲ್ಲಿ ಟ್ಯಾಂಕರಿನ ಸೀಳಿದ ಪಕ್ಕೆಯಿಂದ ಎಣ್ಣೆ ಸುರಿಯತೊಡಗಿತ್ತು. ಕಾರ್ಖಾನೆಗಳ ಬಾಯ್ಲರಿಗೆ ಉರಿಸುವ ಕಪ್ಪು ಎಣ್ಣೆಯಂತೆ. ಮಧ್ಯಾಹ್ನದವರೆಗೂ ಸುರಿಯಿತು. ಸದ್ದಿಲ್ಲದೆ ಸುರಿಯಿತು. ಎಷ್ಟೋ ರಕ್ಕಸರನ್ನು ಆಡಿದ್ದೇನೆ, ಸದ್ದು ಮಾಡದ ರಕ್ಕಸನನ್ನು ಕಂಡದ್ದು ಇದೇ ಮೊದಲು.

ಒಂದೇ ಪುಣ್ಯ. ಟ್ಯಾಂಕರಿನ ಮೂತಿ ಹೊಲದ ಅಂಚಿನ ಕಲ್ಲಿನ ಹಾಳು ಹೊಂಡದ ಮೊದಲ ಮೆಟ್ಟಿಲಿಗೆ ತಾಗಿ ನಿಂತಿತು. ಎಣ್ಣೆ ಹೊಂಡಕ್ಕೆ ಇಳಿಯಲಿಲ್ಲ. ಇಳಿದಿದ್ದರೆ ಏನು ಗತಿ? ಹೊಂಡದ ಕೆಳಗಿನ ಇಳಿಜಾರಿನಲ್ಲೇ ಅಲ್ಲವೇ ಹಟ್ಟಿಯ ಬೋರು ಇರುವುದು.

ಸಂಜೆಗೆ ಕ್ರೇನು ಬಂತು, ಟ್ಯಾಂಕರ್ ಹೋಯಿತು. ಬಂದವರೆಲ್ಲ ಬರೆದುಕೊಂಡು ಹೋದರು. ಎಣ್ಣೆ ಉಳಿಯಿತು.

ಆ ಹೊಲ ಯಾರದೂ ಅಲ್ಲ, ಎಲ್ಲರದು. ಅಲ್ಲಿ ಬೆಳೆದ ನವಣೆಯನ್ನು ಮೊರದಲ್ಲಿ ಹರಡಿ, ಅದರ ಮೇಲೆ ಹಟ್ಟಿಯ ಕೂಸನ್ನು ಮಲಗಿಸಿ ಹೆಸರು ಕರೆಯುತ್ತೇವೆ. ನಿನ್ನನ್ನೂ ಹಾಗೇ ಮಲಗಿಸಿದೆವು; ಮೂಗಿನೊಳಗೆ ನವಣೆ ಸಿಕ್ಕಿಸಿಕೊಂಡು ರಂಪ ಮಾಡಿದ್ದೆ. ಹೋದ ವಾರ ನಿಮ್ಮವ್ವ ನಿನ್ನ ಸಿಹಿಸುದ್ದಿ ಹೇಳಿದಾಗ ನನ್ನ ಕಣ್ಣು ಗೋಡೆಗೆ ನೇತುಹಾಕಿದ ಆ ಮೊರದ ಕಡೆಗೇ ಹೋಯಿತು. ಗೌರಿ ಹಬ್ಬದ ಹೊತ್ತಿಗೆ ಹೆರಿಗೆ, ದೀಪಾವಳಿಗೆ ಹೆಸರಿಡುವುದು. ಚೊಚ್ಚಲ ಬಾಣಂತನ ತವರಲ್ಲಿ, ಅದರಲ್ಲಿ ಮಾತಿಲ್ಲ. ಮುಂಗಾರಿಗೆ ಬಿತ್ತಿದರೆ ದೀಪಾವಳಿಗೆ ನವಣೆ ಕೈಗೆ ಬರುತ್ತದೆ. ಆದರೆ ಬಿತ್ತುವುದೆಲ್ಲಿ? ಪೂಜಾರಿ ಗೊಲ್ಲಪ್ಪ ಹೊಲದ ಅಂಚಿನಲ್ಲಿ ನಿಂತು, "ತಾಯಿ ಮಖಕ್ಕೆ ಮಸಿ ಬಳಿದಂಗೈತೆ ಮೇಷ್ಟ್ರೇ" ಎಂದ. 

ನೀನು ಹಿರಿಯೂರಿನ ಲ್ಯಾಬಿನಲ್ಲಿ ಮಣ್ಣು, ನೀರು ಪರೀಕ್ಷೆ ಮಾಡುವವಳು. ದಾರಿ ಹೇಳು. ಮೇಲ್ಮಣ್ಣು ಕೆರೆದು ಹೊರಗೆ ಸಾಗಿಸಿ ಎಂದು ಮಾತ್ರ ಹೇಳಬೇಡ. ದೇವರ ಹೊಲದ ಮಣ್ಣು ಬದು ದಾಟಬಾರದು, ಉತ್ತವನೂ ಕಾಲು ಕೊಡವಿಯೇ ಹೊರಗೆ ಬರುವುದು, ನಿನಗೆ ಗೊತ್ತಿದ್ದದ್ದೇ.

ಬೇಗ ಬರೆ. ಬೇಗ ಬಾ.

ಕಾಗದದ ರಂಗದ ಮೇಲೆ ನಿಂತಿರುವ
ನಿನ್ನಪ್ಪ, ಹಾರ್ಮೋನಿಯಂ ಮೇಷ್ಟ್ರು ಶಿವಯ್ಯ


ಹಿರಿಯೂರು
4 ಫೆಬ್ರುವರಿ 2025

ಪ್ರೀತಿಯ ಅಪ್ಪನಿಗೆ,

ನಿನ್ನ ಕಾಗದವನ್ನು ನಿಮ್ಮ ಅಳಿಯ ಕಿರಣ್ ನಿನ್ನ ಹಾಗೇ ಕೈ ಬೀಸಿ ಓದಿದರು. ಹೊಸದುರ್ಗದವರಿಗೆ ನಮ್ಮ ಕಡೆಯ ಆರ್ಭಟ ಎಲ್ಲಿ ಬರಬೇಕು, ಕೆಮ್ಮು ಬಂತು. ವಾಂತಿಯ ನಡುವೆಯೂ ನಕ್ಕೆ. ಡಾಕ್ಟರು ಸದ್ಯಕ್ಕೆ ಬಸ್ಸು ಹತ್ತಬೇಡ ಎಂದಿದ್ದಾರೆ, ಇಲ್ಲದಿದ್ದರೆ ನಾನೇ ಬಂದು ನಿಂತು ಮಾಡಿಸುತ್ತಿದ್ದೆ. ಆದ್ದರಿಂದ ಬರೆಯುವುದನ್ನು ಬರೆದ ಹಾಗೆಯೇ ಮಾಡಬೇಕು.

ನಮ್ಮ ಲ್ಯಾಬಿನ ಸರ್ ಹತ್ತಿರ ಕೇಳಿದೆ. ಮದ್ದು ನಮ್ಮ ಮನೆಯಲ್ಲೇ ಇದೆ: ಅಂಟುವಾಳ. ಅವ್ವ ರೇಷ್ಮೆ ಸೀರೆ ಒಗೆಯುವ, ಓಲೆ ತೊಳೆಯುವ ಅದೇ ಕಾಯಿ. ಅದರ ನೊರೆ ಮಣ್ಣಿಗೆ ಅಂಟಿದ ಎಣ್ಣೆಯನ್ನು ಬಿಡಿಸುತ್ತದೆ. ಸೋಪಿನ ಪುಡಿಯ ಹಾಗೆ ಹೊಲವನ್ನು ಕೆಡಿಸುವುದಿಲ್ಲ. ಜೋಗಿಮಟ್ಟಿ ಕಡೆಯಿಂದ ಕಾಯಿ ತರುವವರು ದುರ್ಗದ ಗ್ರಂಧಿಗೆ ಅಂಗಡಿಗಳಿಗೆ ಕೊಡುತ್ತಾರೆ, ಮೂಟೆಗಟ್ಟಲೆ ಸಿಗುತ್ತದೆ.

ಹೊಲದೊಳಗೇ ಗುಂಡಿ ತೋಡಿ. ದಪ್ಪ ಟಾರ್ಪಾಲು ಹಾಸಿ. ಕಪ್ಪು ಮಣ್ಣನ್ನು ಅದರೊಳಗೆ ಹಾಕಿ, ಅಂಟುವಾಳ ಕುದಿಸಿದ ನೀರನ್ನು ಬೆಚ್ಚಗಿರುವಾಗಲೇ ಸುರಿದು ಕಲಸಿ. ಮಣ್ಣು ತಳಕ್ಕೆ ಕೂರುತ್ತದೆ, ನೀರು ಕಪ್ಪಾಗಿ ಮೇಲೆ ನಿಲ್ಲುತ್ತದೆ. ಆ ನೀರನ್ನು ಡ್ರಮ್ಮಿಗೆ ತುಂಬಿ ಮುಚ್ಚಿಡಿ. ಅದನ್ನು ಒಯ್ದು ಸರಿಯಾಗಿ ಸುಡುವವರನ್ನು ನಾನು ಕಳಿಸುತ್ತೇನೆ. ಮಣ್ಣು ಬದು ದಾಟುವುದಿಲ್ಲ, ನಿಮ್ಮ ಕಟ್ಟುಪಾಡೂ ಉಳಿಯುತ್ತದೆ. ತೊಳೆದ ಮಣ್ಣಿಗೆ ಕೊನೆಗೆ ತಿಪ್ಪೆಗೊಬ್ಬರ ಬೆರೆಸಿ ಹಸಿಯಾಗಿಡಿ. ಉಳಿದ ಚೂರುಪಾರು ಎಣ್ಣೆಯನ್ನು ಗೊಬ್ಬರದ ಸೂಕ್ಷ್ಮಜೀವಿಗಳೇ ತಿಂದು ಮುಗಿಸುತ್ತವೆ.

ಈಗ ಬರೆಯುವುದನ್ನು ಎರಡು ಸಲ ಓದು. ಮಣ್ಣಿಗೆ ಅಂಟಿದ ಎಣ್ಣೆಗೆ ಕಾಲಿಲ್ಲ. ಬಿದ್ದಲ್ಲೇ ಬಿದ್ದಿರುತ್ತದೆ. ಅಂಟುವಾಳ ಅದಕ್ಕೆ ಕಾಲು ಕೊಡುತ್ತದೆ. ಕಾಲು ಬಂದ ಮೇಲೆ ಅದು ನೀರು ಹೋದಲ್ಲೆಲ್ಲ ಹೋಗುತ್ತದೆ. ನಾನು ಚಿಕ್ಕವಳಿದ್ದಾಗ, ನೀನು ಹಾರ್ಮೋನಿಯಂಗೆ ಕೂತಿದ್ದ ಒಂದು ನಾಟಕದಲ್ಲಿ, ಬೇರೆಯವನು ಆಡಿದ ರಕ್ಕಸ ಸತ್ತು ಒಳಗೆ ಹೋದ ಮೇಲೂ ಅಳು ನಿಲ್ಲಿಸಿರಲಿಲ್ಲ. ನೀನು ನನ್ನನ್ನು ಎತ್ತಿಕೊಂಡು ಪರದೆಯ ಹಿಂದೆ ಹೋಗಿ ತೋರಿಸಿದೆ. ಅವನು ಟ್ರಂಕಿನ ಮೇಲೆ ಕೂತು ಟೀ ಕುಡಿಯುತ್ತಿದ್ದ. ಸಮಾಧಾನವಾಗಲಿ ಎಂದು ನೀನು ತೋರಿಸಿದೆ. ನನಗೆ ಹೆದರಿಕೆ ಹೆಚ್ಚಾಯಿತು. ರಂಗದಿಂದ ಹೋದವನು ಸತ್ತಿಲ್ಲ, ಅಲ್ಲೇ ಹಿಂದೆ ಇದ್ದಾನೆ ಅಂತ.

ತೊಳೆದ ನೀರು ನೆಲಕ್ಕೆ ಬೀಳಬಾರದು ಅಪ್ಪ. ಒಂದು ಚೊಂಬೂ ಬೀಳಬಾರದು.

ಅವ್ವನಿಗೆ ಹೇಳು, ಎಲ್ಲರಿಗೂ ಹುಳಿ ಮಾವಿನಕಾಯಿ ಬಯಕೆಯಾದರೆ ನನಗೆ ನಮ್ಮ ಬೋರಿನ ನೀರಿನ ಬಯಕೆ. ಇಲ್ಲಿಯ ನೀರು ಬಾಯಿಗೆ ಹತ್ತುತ್ತಿಲ್ಲ.

ನಿನ್ನ
ಮೇಘಾ


ಹಟ್ಟಿ
24 ಮಾರ್ಚ್ 2025

ಮೇಘಶ್ರೀ! ಮಗಳೇ! ಗೆದ್ದೆವು!

ಯುಗಾದಿಗೆ ಮೊದಲೇ ರಕ್ಕಸನ ವಧೆಯಾಯಿತು. ಕೂತು ಓದು, ನಿಂತು ಓದಿದರೆ ಕುಣಿದುಬಿಡುತ್ತೀಯ, ಈ ಹೊತ್ತಿನಲ್ಲಿ ಕುಣಿಯಬಾರದು.

ಹಟ್ಟಿಯ ಹೆಂಗಸರೆಲ್ಲ ಬಂದರು. ನಿಂಗಕ್ಕ ಸೇನಾಪತಿ. ಹಂಡೆಗಳಲ್ಲಿ ಅಂಟುವಾಳ ಕುದಿಯಿತು, ಒನಕೆ ಹಿಡಿದವರು ಕಾಯಿ ಜಜ್ಜಿದರು, ಗಂಡಸರು ಗುಂಡಿ ತೋಡಿ ಟಾರ್ಪಾಲು ಹಾಸಿದರು. ನಾನೇನು ಮಾಡಲಿ? ಕೂಗಿ ಹೇಳುವ ದನಿ ಇಲ್ಲ. ಹಾರ್ಮೋನಿಯಂ ತರಿಸಿ ಬದುವಿನ ಮೇಲೆ ಇಟ್ಟುಕೊಂಡೆ. ಮಟ್ಟು ಹಿಡಿದೆ. ಆ ತಾಳಕ್ಕೆ ಕಾಲುಗಳು ಎದ್ದವು, ಬಿದ್ದವು, ಮಣ್ಣು ಕಲಸಿಕೊಂಡಿತು, ನೊರೆ ಎದ್ದಿತು! ಎಂಥ ನೊರೆ! ಮೊಣಕಾಲು ಮುಚ್ಚುವ ನೊರೆ. "ಮೇಷ್ಟ್ರೇ, ನಮ್ಮನೆಯೋರ ಬನೀನೂ ಇದರಾಗೇ ಹಾಕ್ತೀನಿ, ಮದುವೆ ಆದಾಗಿಂದ ಬೆಳ್ಳಗಾಗಿಲ್ಲ" ಎಂದಳು ನಿಂಗಕ್ಕ. ಅವಳ ಗಂಡ ಗುದ್ದಲಿ ಬಿಸಾಕಿ ಹೋಗುವುದಕ್ಕಿದ್ದ, ನಾಲ್ಕು ಜನ ಹಿಡಿದು ಕೂರಿಸಿದರು.

ಬಿಳಿ ನೊರೆ ನೋಡನೋಡುತ್ತ ಕಂದಾಯಿತು, ಕಂದು ಕಪ್ಪಾಯಿತು. ಗುಂಡಿಯಿಂದ ಗುಂಡಿಗೆ ಹೀಗೆಯೇ ನಡೆಯಿತು. ಕೊನೆಗೊಂದು ಬೆಳಗ್ಗೆ ಗೊಲ್ಲಪ್ಪ ಕೆಳಗೆ ಬಾಗಿ ಒಂದು ಹಿಡಿ ಮಣ್ಣು ತೆಗೆದುಕೊಂಡ. ಕೆಂಪು ಮಣ್ಣು, ನಮ್ಮ ಮಣ್ಣು. ಮೂಸಿದ. ಕಣ್ಣಿಗೊತ್ತಿಕೊಂಡ. "ತಾಯಿ ಎಣ್ಣೆನೀರು ಹಾಕ್ಕಂಡು ಎದ್ದು ಕುಂತವ್ಳೆ" ಎಂದ. ಹೆಂಗಸರು ಕಣ್ಣೊರೆಸಿಕೊಂಡರು. ನಾನು ಹಾರ್ಮೋನಿಯಂ ಮುಚ್ಚಿದೆ.

ತೊಳೆದ ನೀರು ತನ್ನ ಜಾಗ ಸೇರಿತು.

ತಿಪ್ಪೆಗೊಬ್ಬರ ಹರಡಿದ್ದೇವೆ. ಮುಂಗಾರು ಬಂದರೆ ಬಿತ್ತನೆ. ನಿನ್ನ ಕೂಸಿಗೆ ದೇವರ ಹೊಲದ ನವಣೆ ಸಿಕ್ಕೇ ಸಿಗುತ್ತದೆ. ಮೊರಕ್ಕೆ ಹೊಸದಾಗಿ ಸಗಣಿ ಸಾರಿಸಿ ನಿಮ್ಮವ್ವ ಬಿಸಿಲಿಗಿಟ್ಟಿದ್ದಾಳೆ.

ಬೇಗ ಬಾ.

ವಿಜಯದ ಮದ ಇನ್ನೂ ಇಳಿಯದ
ನಿನ್ನಪ್ಪ


ಹಿರಿಯೂರು
6 ಏಪ್ರಿಲ್ 2025

ಅಪ್ಪ,

ಸಂತೋಷವಾಯಿತು. ನಿಜವಾಗಿ ಆಯಿತು.

ಆದರೆ ನೀನು ನೊರೆಯ ಬಗ್ಗೆ ಬರೆದೆ, ಹಾರ್ಮೋನಿಯಂ ಬಗ್ಗೆ ಬರೆದೆ, ನಿಂಗಕ್ಕನ ಗಂಡನ ಬನಿಯನ್ನಿನ ಬಗ್ಗೆಯೂ ಬರೆದೆ. ಡ್ರಮ್ಮಿನ ಮಾತೇ ಇಲ್ಲ. ಡ್ರಮ್ಮು ಒಯ್ಯುವವರನ್ನು ನಾನು ಯುಗಾದಿ ಆದಮೇಲೆ ಕಳಿಸಿದ್ದೆ. "ಅಲ್ಲಿ ಖಾಲಿ ಡ್ರಮ್ಮು ಬಿಟ್ರೆ ಏನೂ ಇಲ್ಲ ಮೇಡಂ" ಎಂದು ವಾಪಸು ಬಂದರು. ಅವ್ವನಿಗೆ ಫೋನ್ ಮಾಡಿದೆ. "ನಿಮ್ಮಪ್ಪ ಬರೀತಾನೆ ಬಿಡು" ಎಂದು ಮಾತು ತಿರುಗಿಸಿದಳು. ಹಿಂದೆ ನಿನ್ನ ಉಸಿರು ಕೇಳಿಸುತ್ತಿತ್ತು.

ನೀರು ತನ್ನ ಜಾಗ ಸೇರಿತು ಎಂದು ಬರೆದಿದ್ದೀಯ. ಯಾವ ಜಾಗ?

ಮೇಘಾ


ಹಟ್ಟಿ
12 ಮೇ 2025

ಮಗಳೇ,

ಬರೆಯುವುದು ತಡವಾಯಿತು. ಬಿಸಿಲು. ಕೈಗೂ ಬೇಸರ.

ನೀನು ಸುಮ್ಮನೆ ತಲೆ ಕೆಡಿಸಿಕೊಳ್ಳುತ್ತೀಯ. ಬಸುರಿಯರಿಗೆ ಹೆದರಿಕೆ ಜಾಸ್ತಿ, ನಿಮ್ಮವ್ವನೂ ಹೀಗೇ ಇದ್ದಳು, ಹಲ್ಲಿ ಲೊಚಗುಟ್ಟಿದರೆ ನನ್ನನ್ನು ಎಬ್ಬಿಸುತ್ತಿದ್ದಳು. ನೀರಿನ ವಿಚಾರ ಹಿರಿಯರು ಕೂತು ತೀರ್ಮಾನ ಮಾಡಿದ್ದು. ಇರಲಿ. ಹೊಲದ ಮಣ್ಣು ಡಬ್ಬಿಯಲ್ಲಿ ಕಳಿಸಿದ್ದೇನೆ. ಅದನ್ನು ಕಳಿಸುವುದಕ್ಕೇ ಗೊಲ್ಲಪ್ಪನ ಹತ್ತಿರ ಅಪ್ಪಣೆ ಕೇಳಬೇಕಾಯಿತು. ಪರೀಕ್ಷೆ ಆದಮೇಲೆ ಅಷ್ಟೂ ಮಣ್ಣು ವಾಪಸು ಬರಬೇಕು.

ಇಲ್ಲಿಯ ಸಮಾಚಾರವೆಂದರೆ ಹೋದ ವಾರ ಎರಡು ದೊಡ್ಡ ಮಳೆ ಬಂತು. ಹಾಳು ಹೊಂಡಕ್ಕೂ ಒಂದಿಷ್ಟು ನೀರು ಬಿದ್ದಿದೆ. ಬೋರು ಒಳ್ಳೆಯ ರಭಸದಲ್ಲಿ ಹೊಡೆಯುತ್ತಿದೆ. ಒಂದು ವಿಚಿತ್ರ ಹೇಳುತ್ತೇನೆ ಕೇಳು. ಬೋರಿನ ನೀರು ತುಂಬುವ ಮಿನಿ ಟ್ಯಾಂಕಿನ ನಲ್ಲಿಗೆ ಕೊಡ ಹಿಡಿದರೆ ನೀರಿನ ಮೇಲೆ ಸಣ್ಣ ನೊರೆ ಏಳುತ್ತದೆ, ಆಗ ತಾನೇ ಕರೆದ ಹಾಲಿನ ಹಾಗೆ. ಗೊಲ್ಲಪ್ಪ ಅದನ್ನು ಅಂಗೈಯಲ್ಲಿ ಹಿಡಿದು, "ತಾಯಿ ನಗ್ತಾವ್ಳೆ" ಎಂದ. ಈಗ ಹಟ್ಟಿಯವರೆಲ್ಲ ಹಾಗೇ ಅನ್ನುತ್ತಾರೆ. ಬೆಳಗ್ಗೆ ನಲ್ಲಿಯ ಹತ್ತಿರ "ಇವತ್ತು ತಾಯಿ ಜೋರಾಗಿ ನಗ್ತಾವ್ಳೆ ಕಣೇ" ಎಂಬ ಮಾತೇ ಮಾತು.

ನಮ್ಮ ತೊಟ್ಟಿಯಲ್ಲಿ ಸೊಳ್ಳೆಮರಿ ತಿನ್ನಲೆಂದು ನರ್ಸಮ್ಮ ಬಿಟ್ಟುಹೋಗಿದ್ದ ಮೀನುಗಳು ಸತ್ತವು. ಎಲ್ಲ ಒಂದೇ ಬೆಳಗ್ಗೆ ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಬಿಸಿಲಿಗೆ ಇರಬೇಕು. ಎಮ್ಮೆಗೂ ಏನೋ ಹಟ, ನೀರಿನ ಬಾನಿಗೆ ಮೂತಿ ಇಟ್ಟು ಹಿಂದಕ್ಕೆ ತೆಗೆಯುತ್ತದೆ; ಕೆರೆಗೆ ಹೊಡೆದುಕೊಂಡು ಹೋದರೆ ಕುಡಿಯುತ್ತದೆ.

ಡಾಕ್ಟರು ಬಸ್ಸು ಹತ್ತಬಹುದು ಎಂದರಂತೆ, ಅಳಿಯಂದಿರು ಫೋನಿನಲ್ಲಿ ಹೇಳಿದ್ದು ಕೇಳಿಸಿಕೊಂಡೆ. ಜೂನ್ ಕಳೆಯುವುದರೊಳಗೆ ನಾನೇ ಬಂದು ಕರೆದುಕೊಂಡು ಬರುತ್ತೇನೆ.

ನಿನ್ನಪ್ಪ ಶಿವಯ್ಯ


ಹಿರಿಯೂರು
21 ಮೇ 2025

ಅಪ್ಪ,

ಮಣ್ಣಿನ ಪರೀಕ್ಷೆ ಮಾಡಿದೆ. ಚೆನ್ನಾಗಿದೆ. ನಮ್ಮ ಸರ್ ನಂಬಲಿಲ್ಲ, ಇನ್ನೊಂದು ಸಲ ಮಾಡಿಸಿದರು. ಇಷ್ಟು ಚೆನ್ನಾಗಿ ತೊಳೆದವರು ಯಾರು ಎಂದು ಕೇಳಿದರು. ನಮ್ಮಪ್ಪ ಎಂದೆ. ಆದರೆ ಅಷ್ಟು ಎಣ್ಣೆ ಮಣ್ಣಿನಿಂದ ಬಿಟ್ಟುಹೋಗಿದೆ ಎಂದರೆ ಅಷ್ಟೂ ಇನ್ನೆಲ್ಲೋ ಇದೆ.

ಮೀನು ಬಿಸಿಲಿಗೆ ಸಾಯಲಿಲ್ಲ. ಎಷ್ಟೋ ಬೇಸಿಗೆ ಅದೇ ತೊಟ್ಟಿಯಲ್ಲಿ ಬದುಕಿದ್ದವು. ಅಂಟುವಾಳದ ನೀರು ಮೀನಿಗೆ ವಿಷ. ಕೊಡದಲ್ಲಿ ಏಳುವ ನೊರೆ ಯಾವುದರದು ಎಂದು ನಿನಗೆ ನಾನು ಹೇಳಬೇಕೇ? ಹಂಡೆಗಟ್ಟಲೆ ಎಬ್ಬಿಸಿದವನು ನೀನು.

ನೀರು ಎಲ್ಲಿಗೆ ಹಾಕಿದಿರಿ ಅಪ್ಪ? ಮೂರನೇ ಸಲ ಕೇಳುತ್ತಿದ್ದೇನೆ. ಬೋರಿನ ನೀರನ್ನು ತೊಳೆದ ಗಾಜಿನ ಸೀಸೆಯಲ್ಲಿ ಅಂಚಿನವರೆಗೆ ತುಂಬಿ ದಯಾನಂದಣ್ಣನ ಕೈಯಲ್ಲಿ ಕಳಿಸು. ಅಲ್ಲಿಯವರೆಗೆ ಯಾರೂ ಅದನ್ನು ಕುಡಿಯುವುದು ಬೇಡ.

ಮೇಘಾ


ಹಟ್ಟಿ
ಜೂನ್ 15

ಮೇಘಾ, ಅವ್ವ ಬರಿಯೋದು. ತಪ್ಪಿದ್ರೆ ನಗಬ್ಯಾಡ, ನಾಕನೇ ಕ್ಲಾಸಿಗೆ ಬಿಟ್ಟ ಕೈ ಇದು.

ನಿಮ್ಮಪ್ಪನ ಎದುರಿಗೆ ಫೋನಾಗೆ ಮಾತಾಡಾಕಾಗಲ್ಲ, ಅದಕ್ಕೆ ಬರೀತಿದೀನಿ. ಅವನು ಊಟ ಸರಿಯಾಗಿ ಮಾಡ್ತಿಲ್ಲ. ನಿನ್ನ ಕಾಗದ ಬಂದಾಗಿಂದ ಬರಿಯಾಕೆ ಕುಂತ್ಕತಾನೆ, ಹರೀತಾನೆ, ಮತ್ತೆ ಕುಂತ್ಕತಾನೆ. ನಾನು ತಂದ ಕೊಡ ಒಂದೊಂದೂ ಮೂಸಿ ನೋಡ್ತಾನೆ. ಯಾಕೆ ಅಂದ್ರೆ ಮಖ ಆ ಕಡೆ ತಿರುಗಿಸ್ಕೊತಾನೆ. ನಿನ್ನ ಕಾಗದದಾಗೆ ಏನೈತೆ ಅಂತ ನಂಗೆ ತೋರಿಸಿಲ್ಲ. ಅಪ್ಪ ಮಗಳು ಏನು ಜಗಳ ಮಾಡ್ಕಂಡೀರಿ?

ಆ ತೊಳೆದ ನೀರಿನ ವಿಷ್ಯ ಫೋನಾಗೆ ಕೇಳಿದ್ದೆ. ಅದರಾಗೆ ಮುಚ್ಚಿಡಾದು ಏನೈತೆ? ಡ್ರಮ್ಮಿಗೆ ತುಂಬಿದ್ವಿ, ನೀ ಹೇಳಿದಂಗೇ. ಗೊಲ್ಲಪ್ಪಣ್ಣ ಬಂದು ತಾಯಿ ಮೈ ತೊಳೆದ ನೀರು ಕಂಡೋರ ಲಾರಿ ಹತ್ತಬಾರದು, ಇನ್ನೊಬ್ರು ತುಳಿಯಾ ಜಾಗಕ್ಕೂ ಬೀಳಬಾರದು ಅಂದ. ನಿಜ ಅಲ್ವಾ? ಗುಡಿಯಾಗೆ ತಾಯಿಗೆ ಎರೆದ ನೀರನ್ನ ನಾವು ಎಲ್ಲಿಗೆ ಹಾಕಾದು? ಹಾಳು ಹೊಂಡಕ್ಕೇ ತಾನೇ. ಹಂಗೇ ಇದನ್ನೂ ತಲೆ ಮೇಲೆ ಹೊತ್ಕಂಡು ಹೋಗಿ ಹೊಂಡಕ್ಕೇ ಸುರಿದ್ವಿ. ನಾನೂ ಹೊತ್ತೆ, ನಿಂಗಕ್ಕಾನೂ ಹೊತ್ತಳು. ನಿಮ್ಮಪ್ಪ ಮೊದಲು ಕೈ ಅಡ್ಡ ಹಿಡಿದ. ಗೊಲ್ಲಪ್ಪಣ್ಣ ಒಂದು ಮಾತು ಅಂದ, ಆಮೇಲೆ ಕೈ ಬಿಟ್ಟ. ಕಲ್ಲಿನ ಹೊಂಡ, ನೀರೇ ಇಲ್ಲ, ಅಲ್ಲೇ ಒಣಗತೈತೆ ಅಂತ ಎಲ್ರೂ ಅಂದ್ರು. ಸುರಿದ ನೀರು ಮಾರನೇ ದಿನಕ್ಕೇ ಇರಲಿಲ್ಲ. ತಾಯಿ ಕುಡಿದುಬಿಟ್ಟಳು ಅಂದ್ವಿ.

ನನ್ನ ಅಂಗೈಯಾಗೆ ತುರಿಕೆ ಎದ್ದೈತೆ, ಬಿಸಿಲಿಗೆ. ಹೊಟ್ಟೆ ತೊಳಸೋದು ಹಟ್ಟಿಯಾಗೆ ಎಲ್ರಿಗೂ ಐತೆ.

ನಿನ್ನ ಬಯಕೆ ನೀರು ಕಳ್ಸಿದೀನಿ. ಸೀಸೆ ಚೆನ್ನಾಗಿ ತೊಳೆದು ನಾನೇ ಹಿಡಿದಿದ್ದು. ಚಟ್ನಿಪುಡಿ, ಹಸಿರು ಬಳೆ, ಕುಬುಸದ ಕಣ ಜೊತೆಗೈತೆ. ಬಾಣಂತಿ ಕೋಣೆಗೆ ಸುಣ್ಣ ಹೊಡೆಸಿದೀನಿ. ಹಂಡೆಗೆ ನೀರು ತುಂಬಿ ಇಟ್ಟಿದೀನಿ, ನೀ ಬಂದ ದಿನ ಬಿಸಿನೀರು ಎರೀಬೇಕು ಅಂತ.

ಬಿರ್ನೆ ಬಾ ಮಗಾ.

ನಿಮ್ಮವ್ವ
ಚಂದ್ರಕ್ಕ


ಹಿರಿಯೂರು
18 ಜೂನ್ 2025

ಅಪ್ಪ,

ಅವ್ವನ ಸೀಸೆ ಬಂದಾಗ ನಾನು ಕಾಗದ ಓದುವ ಮೊದಲೇ ಮುಚ್ಚಳ ತೆಗೆದೆ. ಅಷ್ಟು ಆಸೆ ಇತ್ತು. ಬಾಯಿಗಿಟ್ಟೆ. ನುಂಗಲಿಲ್ಲ. ಆಮೇಲೆ ಎಷ್ಟು ಬಾಯಿ ಮುಕ್ಕಳಿಸಿದರೂ ಲಾರಿಯ ಹಿಂದೆ ನಿಂತ ಹಾಗೆ ವಾಸನೆ. ಸೀಸೆ ಅಲುಗಿಸಿದೆ, ನೊರೆ ಎದ್ದಿತು, ಅಡುಗೆ ಮುಗಿದರೂ ಕೂರಲಿಲ್ಲ. ಕಿರಣ್ ಅದನ್ನು ಹಾಗೇ ಲ್ಯಾಬಿಗೆ ಒಯ್ದರು.

ಎಣ್ಣೆ ಇದೆ. ಕುಡಿಯುವ ನೀರಿನಲ್ಲಿ ಇರಬಾರದಷ್ಟು ಇದೆ. ಎಮ್ಮೆಗೆ ತಿಳಿಯಿತು, ನಮಗೆ ತಿಳಿಯಲಿಲ್ಲ.

ಹೊಂಡ ಕಲ್ಲಿನದು, ನಿಜ. ಕಲ್ಲು ಬಿರುಕು ಬಿಟ್ಟಿದೆ. ಸುರಿದದ್ದು ಮಾರನೆಯ ದಿನಕ್ಕೆ ಇರಲಿಲ್ಲ ಎಂದು ಅವ್ವ ಬರೆದಿದ್ದಾಳೆ. ಬಿಸಿಲು ಅಷ್ಟು ಬೇಗ ಕುಡಿಯುವುದಿಲ್ಲ ಅಪ್ಪ. ಇನ್ನು ಮುಂಗಾರು. ಹೊಂಡಕ್ಕೆ ಮೇಲಿನಿಂದ ನೀರು ಬಿದ್ದಷ್ಟೂ ಬಿರುಕಿನಲ್ಲಿ ಕೂತದ್ದು ಕೆಳಕ್ಕೆ ಇಳಿಯುತ್ತದೆ.

ಅಂಟುವಾಳ ಹೇಳಿಕೊಟ್ಟವಳು ನಾನು. ದೇವರ ಹೊಲದ ಮಣ್ಣಿನ ಕಟ್ಟುಪಾಡು ನೆನಪಿತ್ತು, ನೀರಿನ ಕಟ್ಟುಪಾಡು ನೆನಪಾಗಲಿಲ್ಲ. ಅದೇ ಹೊಂಡಕ್ಕೆ ಅವ್ವನ ಕೈ ಹಿಡಿದು ತಾಯಿಯ ನೀರು ಸುರಿಯಲು ಹೋದವಳು ನಾನೇ.

ಬೋರು ನಿಲ್ಲಿಸಬೇಕು. ಅಧಿಕಾರಿಗಳಿಗೆ ನಾನು ಅರ್ಜಿ ಕೊಟ್ಟಿದ್ದೇನೆ. ಅವರು ಬಂದು ನೋಡುವವರೆಗೆ ಕಾಯುವ ಹಾಗಿಲ್ಲ. ಫೋನಿನಲ್ಲಿ ಗೊಲ್ಲಪ್ಪಣ್ಣನಿಗೆ ಹೇಳಿದೆ. "ಓದಿದೋಳು ನೀನು, ತಾಯಿ ನಗಾದನ್ನ ಸೀಸೆಯಾಗೆ ಹಾಕಿ ಅಳೀತಿಯೇನವ್ವ" ಎಂದು ಇಟ್ಟುಬಿಟ್ಟ. ನನ್ನ ಮಾತು ಅಲ್ಲಿಗೆ ಮುಟ್ಟುವುದಿಲ್ಲ. ನೀನೇ ಹೇಳಬೇಕು. ದನಿ ಇಲ್ಲ ಎಂದು ಗೊತ್ತು. ಆದರೂ ನೀನೇ ಹೇಳಬೇಕು.

ನನ್ನ ಬಟ್ಟೆ ಎಲ್ಲ ಕಟ್ಟಿಟ್ಟಿದೆ. ಅವ್ವ ಹಂಡೆ ತುಂಬಿ ಕಾಯುತ್ತಿದ್ದಾಳೆ. ಬರಲೇ, ಬೇಡವೇ? ಇದನ್ನು ನಾನು ತೀರ್ಮಾನ ಮಾಡಲಾರೆ. ನೀನು ಬರೆ.

ಮೇಘಾ


ಹಟ್ಟಿ
26 ಜೂನ್ 2025

ಮಗಳೇ,

ನಿನ್ನ ಕಾಗದ ಬಂದ ಮಾರನೆಯ ಬೆಳಗ್ಗೆ ಟ್ರಂಕು ತೆಗೆದೆ. ರಕ್ಕಸನ ವೇಷ ಹಾಕಿಕೊಂಡೆ. ಕಿರೀಟ ತುಕ್ಕು ಹಿಡಿದಿದೆ, ಕೋರೆಹಲ್ಲಿನ ದಾರ ಹರಿದಿದೆ. ಬಣ್ಣದ ಡಬ್ಬಿ ಒಣಗಿತ್ತು. ಹೊಂಡಕ್ಕೆ ಇಳಿದೆ. ಮಳೆನೀರು ಕೆಳಗಿನ ಮೆಟ್ಟಿಲುಗಳವರೆಗೆ ನಿಂತಿದೆ, ಅದರ ಮೇಲೆ ಎಣ್ಣೆಯ ಕಪ್ಪು ಕೆನೆ. ಅದನ್ನೇ ಎರಡು ಕೈಯಲ್ಲಿ ಬಾಚಿ ಮುಖಕ್ಕೆ ಬಳಿದುಕೊಂಡೆ. ಇಂಥ ಕಪ್ಪು ನನಗೆ ಯಾವ ನಾಟಕದಲ್ಲೂ ಸಿಕ್ಕಿರಲಿಲ್ಲ.

ಹಾಗೇ ಹೋಗಿ ಮಿನಿ ಟ್ಯಾಂಕಿನ ಕಟ್ಟೆಯ ಮೇಲೆ, ನಲ್ಲಿಗೆ ಬೆನ್ನು ಕೊಟ್ಟು ಕೂತೆ.

ಹೆಂಗಸರು ಕೊಡ ಹಿಡಿದು ಬಂದರು. ನಕ್ಕರು. "ಏನ್ ಮೇಷ್ಟ್ರೇ, ಹೊತ್ತಾರೆಗೇ ಯಾವ ನಾಟಕ? ಏಳ್ರಿ, ಒಲೆ ಮೇಲೆ ಎಸರು ಇಡಬೇಕು" ಎಂದಳು ನಿಂಗಕ್ಕ. ನಾನು ಏಳಲಿಲ್ಲ. ಸಾಲು ಬೆಳೆಯಿತು, ನಗು ಇಳಿಯಿತು. ಗೊಲ್ಲಪ್ಪ ಬಂದ. ಅವತ್ತು ಡ್ರಮ್ಮಿನ ಮುಂದೆ ನಾನು ಕೈ ಅಡ್ಡ ಹಿಡಿದಾಗ ಅವನು ಅಂದಿದ್ದ ಮಾತನ್ನು ನಿಮ್ಮವ್ವ ನಿನಗೆ ಬರೆದಿಲ್ಲ. "ತಾಯಿ ನಿನ್ನ ದನಿ ಯಾಕೆ ಕಿತ್ಕಂಡಳು ಅಂತ ಯೋಚ್ನೆ ಮಾಡು ಶಿವಯ್ಯ" ಎಂದಿದ್ದ. ಆ ಒಂದು ಮಾತಿಗೆ ನನ್ನ ಕೈ ಇಳಿದಿತ್ತು. ಈ ಸಲವೂ ಅದನ್ನೇ ಅಂದ.

ಈ ಸಲ ಕೈ ಇಳಿಯಲಿಲ್ಲ. ಸೊಂಟದ ವಸ್ತ್ರ ಬಿಚ್ಚಿ ಮುಖದ ಕಪ್ಪನ್ನು ಒರೆಸಿದೆ. ಕಡ್ಡಿ ಗೀರಿ ಆ ವಸ್ತ್ರಕ್ಕೆ ಹಿಡಿದೆ. ಮೊದಲು ಚಟಪಟ ಎಂದಿತು, ಆಮೇಲೆ ಹತ್ತಿಕೊಂಡಿತು. ಕಪ್ಪು ಹೊಗೆ, ಟ್ಯಾಂಕರಿನ ವಾಸನೆ. ತಾಯಿಯ ಹೊಂಡದ ನೀರು ಎಲ್ಲರ ಕಣ್ಣೆದುರು ಉರಿಯಿತು. ಇನ್ನೊಂದು ಕೈಯಲ್ಲಿ ನಿನ್ನ ಕಾಗದ ಎತ್ತಿ ಹಿಡಿದೆ.

ಯಾರೂ ಮುಂದೆ ಬರಲಿಲ್ಲ. ನಿಮ್ಮವ್ವ ಬಂದಳು. ಕಾಗದ ಕಿತ್ತುಕೊಂಡು, ಒಂದೊಂದೇ ಅಕ್ಷರ ಕೂಡಿಸಿ, ಹಟ್ಟಿಗೆಲ್ಲ ಕೇಳುವ ಹಾಗೆ ಓದಿದಳು. ಸೀಸೆಯನ್ನು ನೀನು ಬಾಯಿಗಿಟ್ಟೆ ಎನ್ನುವಲ್ಲಿ ನಿಂತಳು. ಆಮೇಲೆ ಎಣ್ಣೆಯ ಮಾತು, ಹೊಂಡದ ಬಿರುಕಿನ ಮಾತು, ಎಲ್ಲ ಕೊನೆಯವರೆಗೆ ಓದಿದಳು. "ಬಸುರಿ ಮಗಳಿಗೆ ನನ್ನ ಕೈಯಾರೆ ತುಂಬಿ ಕಳ್ಸೀನಲ್ಲೋ ಗೊಲ್ಲಪ್ಪಣ್ಣ" ಎಂದಳು.

ಗೊಲ್ಲಪ್ಪ ಸುಟ್ಟ ವಸ್ತ್ರದ ಚೂರೊಂದನ್ನು ಎತ್ತಿ ಮೂಸಿದ. "ಹಂಗಾರೆ ತಾಯಿ ನಮಗೆ ವಿಷ ಕೊಡ್ತಾಳೆ ಅಂತೀರೇನ್ರಿ?" ಎಂದು ಕೇಳಿದ. ಕೋಪದಿಂದಲ್ಲ, ನಿಜವಾಗಿ ಕೇಳಿದ.  ನಿಂಗಕ್ಕ ತನ್ನ ಕೊಡವನ್ನು ಬೋರಲು ಮಾಡಿ ಎತ್ತಿಕೊಂಡು ಕೆರೆಯ ದಾರಿ ಹಿಡಿದಳು. ಕೆಲವರು ಅವಳ ಹಿಂದೆ ಹೋದರು. ಉಳಿದವರು ಅಲ್ಲೇ ನಿಂತರು, ನಾನು ಏಳುವುದನ್ನು ಕಾಯುತ್ತ.

ಇನ್ನೂ ಕಾಯುತ್ತಿದ್ದಾರೆ. ದಿನವೂ ಬೆಳಗ್ಗೆ ಬಂದು ಕೂರುತ್ತೇನೆ, ದಿನವೂ ಬಂದು ನಿಲ್ಲುತ್ತಾರೆ. ನಾನು ಊಟಕ್ಕೆ ಎದ್ದರೆ ಹಿಂದೆ ಬೋರಿನ ಮೋಟಾರಿನ ಸದ್ದು ಕೇಳುತ್ತದೆ. ಈ ಕಾಗದ ಕಟ್ಟೆಯ ಮೇಲೆ ಕೂತೇ ಬರೆಯುತ್ತಿದ್ದೇನೆ.

ದೇವರ ಹೊಲದಲ್ಲಿ ನವಣೆ ಹುಟ್ಟಿದೆ. ಒಂದು ಕಡೆಯೂ ಬರಿದಾಗಿಲ್ಲ, ಹಸಿರೋ ಹಸಿರು. ನಾನು ಏನು ತೋರಿಸಿದರೂ ಅವರು ಆ ಹಸಿರನ್ನು ತೋರಿಸುತ್ತಾರೆ. ಮಳೆ ಹಿಡಿದಿದೆ. ಹೊಂಡದ ನೀರು ಮೆಟ್ಟಿಲೇರುತ್ತಿದೆ. ಪರದೆಯ ಹಿಂದೆ ಕೂತವನ ಟೀ ಮುಗಿಯಿತು ಮೇಘಾ. ಅವನ ಪ್ರವೇಶ ಇನ್ನು ಮೇಲೆ.

ದಯಾನಂದನ ಕೈಯಲ್ಲಿ ಮೊರ ಕಳಿಸಿದ್ದೇನೆ, ಖಾಲಿ ಮೊರ. ಹಿರಿಯೂರಿನ ಅಂಗಡಿಯ ನವಣೆ ಹರಡಿ ಕೂಸನ್ನು ಮಲಗಿಸು. ಹಂಡೆಯ ನೀರನ್ನು ನಿಮ್ಮವ್ವ ಚೆಲ್ಲಲಿಲ್ಲ. ಎಲ್ಲಿ ಚೆಲ್ಲಬೇಕೆಂದು ತಿಳಿಯದೆ ಮುಚ್ಚಿಟ್ಟಿದ್ದಾಳೆ. ನಾಳೆಯ ಬಸ್ಸಿಗೆ ಅವಳೇ ನಿನ್ನಲ್ಲಿಗೆ ಹೊರಡುತ್ತಾಳೆ. ನಾನು ಈ ಕಟ್ಟೆ ಬಿಟ್ಟು ಬರಲಾರೆ.

ಬರಬೇಡ.

ಅಪ್ಪ